ಉಳಿತಾಯ ಯಾರ ವಹಿಗೆ ಜಮಾ?

ಬೇಸಿಗೆ ಬಂತೆಂದರೆ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಮನೆ ಕಟ್ಟುವವರ ಗಡಿಬಿಡಿ ಶುರು. ಕಬ್ಬಿನ ಹಂಗಾಮು ಮುಗಿದಿರುತ್ತದೆ, ಕಾರ್ಖಾನೆಯ ಬಿಲ್ಲು ಅಷ್ಟೋ ಇಷ್ಟೋ ಕೈಸೇರಿರುತ್ತದೆ, ಮಿರಗದ ಮಳೆ ಬೀಳುವುದರೊಳಗೆ ಸ್ಲ್ಯಾಬ್ ಮುಗಿಯಬೇಕು. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಗರಗರ ತಿರುಗುತ್ತದೆ, ಕೆಲಸದವರಿಗೆಲ್ಲ ಮನೆಯವರದೇ ಊಟ. ಮರುದಿನ ಗದ್ದಲ ಅಡಗುತ್ತದೆ. ಸ್ಲ್ಯಾಬಿನ ಮೇಲೆ ಚೌಕಗಳಾಗಿ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಮನೆಯ ಯಜಮಾನ ಮೇಲೆ ನೀರು ನೋಡುತ್ತಾನೆ, ಗುತ್ತಿಗೆದಾರ ಕೆಳಗೆ ಸೆಂಟ್ರಿಂಗ್ ನೋಡುತ್ತಾನೆ.

ಸೆಂಟ್ರಿಂಗಿನ ಕಂಬ, ಪ್ಲೇಟುಗಳೆಲ್ಲ ಬಾಡಿಗೆಯವು, ಇಲ್ಲವೇ ಮುಂದಿನ ಕೆಲಸಕ್ಕೆ ಬೇಕಾದವು. ಒಂದು ದಿನ ಹೆಚ್ಚು ನಿಂತರೂ ಗುತ್ತಿಗೆದಾರನಿಗೆ ಖರ್ಚು. ಕಾಂಕ್ರೀಟ್ ಕೆಲಸಕ್ಕೆ ದೇಶದಲ್ಲಿ ಆಧಾರವಾಗಿರುವ ಐಎಸ್ 456 ಎಂಬ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದ ಸ್ಲ್ಯಾಬಿನ ಅಂತರ ನಾಲ್ಕೂವರೆ ಮೀಟರ್‌ ಒಳಗಿದ್ದರೆ ಕೆಳಗಿನ ಆಧಾರ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಇರಬೇಕು. ನೀರುಣಿಸುವುದಕ್ಕೂ ಅದೇ ಮಾನಕ ಲೆಕ್ಕ ಹೇಳುತ್ತದೆ: ಸಾಧಾರಣ ಸಿಮೆಂಟಿಗೆ 7 ದಿನ, ಹಾರುಬೂದಿಯೋ ಸ್ಲ್ಯಾಗೋ ಬೆರೆತ ಸಿಮೆಂಟಿಗೆ 10 ದಿನ. ಬಿಸಿಲು ಜೋರಿರುವ ಒಣ ಹವೆಯಲ್ಲಿ ಬೆರಕೆ ಸಿಮೆಂಟಿಗೆ 14 ದಿನ ನೀರು ಹಿಡಿಸಿದರೆ ಒಳ್ಳೆಯದು. ರಾಯಬಾಗದ ಏಪ್ರಿಲ್ ತಿಂಗಳು ಒಣ ಹವೆಯಲ್ಲದೆ ಮತ್ತೇನು?

ಈ ಕೆಲವೇ ದಿನಗಳ ಅಂತರದಲ್ಲೇ ಕಟ್ಟಡ ಉದ್ಯಮದ ‘ಸುಸ್ಥಿರತೆ’ಯ ಇಡೀ ತಕರಾರು ಅಡಗಿದೆ. ಬೂದಿ ಬೆರೆತ ಸಿಮೆಂಟಿನಿಂದ ಹೊಗೆ ಕಡಿಮೆ. ಸರಿಯಾಗಿ ನೀರುಂಡರೆ ಕಾಂಕ್ರೀಟ್ ಹೆಚ್ಚು ಬಿಗಿಯಾಗಿ, ಸರಳಿಗೆ ತುಕ್ಕು ತಾಗದಂತೆ ಬಹುಕಾಲ ಬಾಳುತ್ತದೆ. ಆದರೆ ಬಲ ನಿಧಾನಕ್ಕೆ ಬರುತ್ತದೆ. ಆ ನಿಧಾನದ ಬೆಲೆ ತೆರುವವನು ಗುತ್ತಿಗೆದಾರ, ಟ್ಯಾಂಕರ್ ನೀರಿನ ದುಡ್ಡು ಮನೆಯವನದು, ಬಾಳಿಕೆಯ ಲಾಭ ಇಪ್ಪತ್ತು ಮೂವತ್ತು ವರ್ಷದ ಮೇಲೆ ಅವನ ಮಕ್ಕಳಿಗೆ. ಕಡಿಮೆಯಾದ ಹೊಗೆಯ ಲಾಭವಂತೂ ಇಲ್ಲಿ ಯಾರ ವಹಿಯಲ್ಲೂ ಜಮಾ ಆಗುವುದಿಲ್ಲ.

ಪರಿಸರ ಕಾಳಜಿ ಕಟ್ಟಡ ಕಂಪನಿಗಳಿಗೆ ಲಾಭ ತರುತ್ತದೆಯೇ ಎಂದು ಹತ್ತಾರು ವರ್ಷಗಳಿಂದ ವಿಶ್ವವಿದ್ಯಾಲಯಗಳು ಕೇಳುತ್ತಲೇ ಬಂದಿವೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಕೇಂದ್ರ 2015ರಿಂದ 2020ರವರೆಗಿನ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ 2021ರಲ್ಲಿ ಒಂದು ಲೆಕ್ಕ ಕೊಟ್ಟಿತು. ಎಲ್ಲ ಬಗೆಯ ಉದ್ಯಮಗಳೂ ಸೇರಿದಂತೆ, ಕಂಪನಿಗಳ ಸಾಧನೆ ನೋಡಿದ ಅಧ್ಯಯನಗಳಲ್ಲಿ ಶೇ 58 ಲಾಭದ ಕಡೆ, ಶೇ 8 ನಷ್ಟದ ಕಡೆ, ಉಳಿದವು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಲೆಕ್ಕ ಚೆನ್ನಾಗಿದೆ, ಆದರೆ ಗಟ್ಟಿ ಕುಳಗಳೇ ಹಸಿರು ಕೆಲಸಕ್ಕೆ ಕೈಹಾಕುತ್ತವೋ, ಹಸಿರು ಕೆಲಸದಿಂದಲೇ ಗಟ್ಟಿಯಾಗುತ್ತವೋ ಎಂಬುದನ್ನು ಇಂಥ ಸರಾಸರಿ ಬಿಡಿಸಿ ಹೇಳುವುದಿಲ್ಲ. ಅದಕ್ಕಿಂತ, ಖರ್ಚು ಮಾಡಿದ ಕೈಗೇ ಉಳಿತಾಯ ಬಂತೋ ಇಲ್ಲವೋ ಎಂದು ಒಂದೊಂದೇ ಕಡೆ ನೋಡುವುದು ವಾಸಿ.

ಮೊದಲು ಸಿಮೆಂಟ್ ಕಾರ್ಖಾನೆ. ರಾಯಬಾಗದಿಂದ ಆಗ್ನೇಯಕ್ಕೆ, ಬೆಳಗಾವಿ ಜಿಲ್ಲೆಯದೇ ಯಾದವಾಡದಲ್ಲಿ ದಾಲ್ಮಿಯಾ ಸಿಮೆಂಟಿನ ಕಾರ್ಖಾನೆ ಇದೆ. ಅದರಾಚೆ ಬಾಗಲಕೋಟೆ ಜಿಲ್ಲೆಯ ಮುದ್ದಾಪುರದಲ್ಲಿ 2009ರಿಂದ ಜೆ.ಕೆ. ಸಿಮೆಂಟ್ ನಡೆಯುತ್ತಿದೆ. ಎರಡಕ್ಕೂ ಆಸರೆ ಆ ಭಾಗದ ಸುಣ್ಣದ ಕಲ್ಲು. ಶುದ್ಧ ಸುಣ್ಣದ ಕಲ್ಲು ನೂರು ಕೆ.ಜಿ. ಸುಟ್ಟರೆ 56 ಕೆ.ಜಿ. ಸುಣ್ಣ ಉಳಿದು 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಕಲ್ಲಿನ ಒಳಗಿನದೇ ಅನಿಲ, ಉರಿಸಿದ ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಹಾಗಾಗಿ ಬಿಸಿಲಿನ ವಿದ್ಯುತ್ತು, ಗಾಳಿಯ ವಿದ್ಯುತ್ತು ಎಷ್ಟೇ ತಂದರೂ ಸಿಮೆಂಟಿನ ಪಾಪ ಪೂರ್ತಿ ತೊಳೆಯುವುದಿಲ್ಲ. ಸುಟ್ಟ ಕಲ್ಲು, ಅಂದರೆ ಕ್ಲಿಂಕರ್, ಚೀಲದಲ್ಲಿ ಎಷ್ಟು ಕಡಿಮೆ ಇರುತ್ತದೋ ಅಷ್ಟೇ ಉಳಿತಾಯ.

ಕಡಿಮೆಯಾದ ಕ್ಲಿಂಕರಿನ ಜಾಗ ತುಂಬುವುದು ಯಾವುದು? ರಾಯಬಾಗದಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ವಿಜಯಪುರ ಜಿಲ್ಲೆಯ ಕೂಡಗಿ ಸಿಗುತ್ತದೆ. ಅಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಮೂರನೆಯ ಒಂದು ಪಾಲಿನಷ್ಟು ಬರುವುದರಿಂದ ಅಲ್ಲಿ ಬೂದಿಗೆ ಬರವಿಲ್ಲ. ಪಿಪಿಸಿ ಎಂದು ಅಂಗಡಿಯಲ್ಲಿ ಮಾರುವ ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಬೆರೆಸಲು ಮಾನಕ ಒಪ್ಪುತ್ತದೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಸ್ಲ್ಯಾಗ್ ಆದರೆ ಶೇ 70ರವರೆಗೂ ಹೋಗಬಹುದು. ಬೂದಿಯನ್ನು ಸುಡಬೇಕಿಲ್ಲ, ಅದು ಆಗಲೇ ಸುಟ್ಟದ್ದು. ಕ್ಲಿಂಕರ್ ಕಡಿಮೆಯಾದಷ್ಟೂ ಕಲ್ಲಿದ್ದಲಿನ ಬಿಲ್ಲು ಇಳಿಯುತ್ತದೆ, ಗಣಿಯ ಸುಣ್ಣದ ಕಲ್ಲು ಹೆಚ್ಚು ವರ್ಷ ಬರುತ್ತದೆ, ಅದೇ ಗೂಡಿನಿಂದ ಹೆಚ್ಚು ಚೀಲ ಹೊರಬೀಳುತ್ತವೆ. ಇಲ್ಲಿ ಖರ್ಚು ಮಾಡುವವನೂ ಉಳಿಸುವವನೂ ಒಬ್ಬನೇ. ಆದ್ದರಿಂದಲೇ ಯಾರ ಬೋಧನೆಯೂ ಬೇಕಾಗದೆ ದೇಶದಲ್ಲಿ ಮಾರಾಟವಾಗುವ ಸಿಮೆಂಟಿನಲ್ಲಿ ಬಹುಪಾಲು ಇವತ್ತು ಬೆರಕೆ ಸಿಮೆಂಟೇ ಆಗಿದೆ. 2040ರ ಹೊತ್ತಿಗೆ ತಾನು ಹೊರಬಿಡುವುದಕ್ಕಿಂತ ಹೆಚ್ಚು ಇಂಗಾಲ ಹೀರಿಕೊಳ್ಳುತ್ತೇನೆಂದು ದಾಲ್ಮಿಯಾ 2018ರಲ್ಲಿ ಘೋಷಿಸಿತು. ಆ ಮಾತು ನಡೆಯುತ್ತದೋ ಇಲ್ಲವೋ ಕಾಲವೇ ಹೇಳಬೇಕು. ಕ್ಲಿಂಕರ್ ಕಡಿತ ಮಾತ್ರ ಈಗಲೇ ಲಾಭದ ಬಾಬ್ತು.

ಸಾಲ ಕೊಡುವವರೂ ಈ ಲೆಕ್ಕ ಹಿಡಿದಿದ್ದಾರೆ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ದೊಡ್ಡ ಕಾರ್ಖಾನೆ ಇರುವ ಅಲ್ಟ್ರಾಟೆಕ್ 2021ರಲ್ಲಿ ವಿದೇಶಿ ಹೂಡಿಕೆದಾರರಿಂದ 40 ಕೋಟಿ ಡಾಲರ್ ಬಾಂಡ್ ಎತ್ತಿತು. ಅದರ ಷರತ್ತು ವಿಚಿತ್ರವಾಗಿದೆ: 2030ರೊಳಗೆ ಪ್ರತಿ ಟನ್ನಿನ ಹೊಗೆ ಇಷ್ಟಕ್ಕೆ ಇಳಿಯದಿದ್ದರೆ ಬಡ್ಡಿ ಏರುತ್ತದೆ. ಹೊಗೆಗೆ ಬಡ್ಡಿಯ ಭಾಷೆ ಬಂದ ಮೇಲೆ ಲೆಕ್ಕಪತ್ರ ವಿಭಾಗದವರೂ ಗೂಡಿನ ಕಡೆ ಇಣುಕಿ ನೋಡತೊಡಗುತ್ತಾರೆ. 2022–23ರಿಂದ ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು ನೀರು, ವಿದ್ಯುತ್ತು, ಹೊಗೆ, ಕಾರ್ಮಿಕರ ಅಪಘಾತ ಎಲ್ಲದರ ವರದಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಬೆಂಗಳೂರಿನ ದೊಡ್ಡ ಬಿಲ್ಡರುಗಳೂ ಇದರೊಳಗೆ ಬರುತ್ತಾರೆ.

ಎರಡನೆಯ ಉದಾಹರಣೆ ಇನ್ನೂ ಸ್ಪಷ್ಟವಾದದ್ದು. 2011ರಲ್ಲಿ ಇನ್ಫೊಸಿಸ್ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಒಂದು ಕಚೇರಿ ಕಟ್ಟಡ ಕಟ್ಟಿತು. ಕಟ್ಟಡವನ್ನು ನಡುವೆ ಸೀಳಿದಂತೆ ಎರಡು ಸಮ ಭಾಗ ಮಾಡಿದರು. ಒಂದು ಭಾಗಕ್ಕೆ ಎಲ್ಲರೂ ಹಾಕುವಂಥ ಉತ್ತಮ ದರ್ಜೆಯ ಹವಾನಿಯಂತ್ರಣ. ಇನ್ನೊಂದಕ್ಕೆ ಸ್ಲ್ಯಾಬಿನೊಳಗೇ ಕೊಳವೆ ಹೂತು, ಅದರಲ್ಲಿ ತಣ್ಣೀರು ಹರಿಸಿ ಚಾವಣಿಯೇ ತಂಪು ಕೊಡುವ ವ್ಯವಸ್ಥೆ. ಅದೇ ಬಿಸಿಲು, ಅದೇ ಗೋಡೆ, ಅದೇ ಬಗೆಯ ಕೆಲಸಗಾರರು. ತಣ್ಣೀರಿನ ಭಾಗ ತಂಪಿಗೆ ಬಳಸಿದ ವಿದ್ಯುತ್ತು ಇನ್ನೊಂದಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆ. ಅಚ್ಚರಿಯೆಂದರೆ ಅದನ್ನು ಕೂಡಿಸಲು ತಗುಲಿದ ಖರ್ಚೂ ಹೆಚ್ಚಾಗಲಿಲ್ಲ, ತುಸು ಕಡಿಮೆಯೇ ಆಯಿತು. ಹಸಿರು ಕಟ್ಟಡ ದುಬಾರಿ ಎಂಬ ಮಾತಿಗೆ ಇದಕ್ಕಿಂತ ನೇರ ಪರೀಕ್ಷೆ ನಮ್ಮಲ್ಲಿ ಮತ್ತೊಂದು ನಡೆದಿರಲಿಕ್ಕಿಲ್ಲ.

ಆದರೂ ಬೆಂಗಳೂರಿನ ಸಾವಿರಾರು ಅಪಾರ್ಟ್‌ಮೆಂಟುಗಳು ಆ ದಾರಿ ಹಿಡಿಯಲಿಲ್ಲ. ಕಾರಣ ತಂತ್ರಜ್ಞಾನದ್ದಲ್ಲ. ಇನ್ಫೊಸಿಸ್ ತಾನೇ ಕಟ್ಟಿಸಿ ತಾನೇ ಕೂತು ತಾನೇ ಕರೆಂಟ್ ಬಿಲ್ ಕಟ್ಟುತ್ತದೆ. ಫ್ಲ್ಯಾಟ್ ಕಟ್ಟುವ ಬಿಲ್ಡರ್ ಕೀಲಿಕೈ ಕೊಟ್ಟ ದಿನವೇ ಆಚೆ ಹೋಗುತ್ತಾನೆ. ಗೋಡೆಗೆ ಶಾಖ ತಡೆಯುವ ಪದರ ಹಾಕಿದ ಖರ್ಚು ಅವನದು, ಮುಂದಿನ ಮೂವತ್ತು ವರ್ಷದ ಬಿಲ್ಲಿನ ಉಳಿತಾಯ ಕೊಂಡವನದು. ಬಾಡಿಗೆ ಕಚೇರಿಗಳಲ್ಲಿ ಮಾತ್ರ ಗಾಳಿ ತಿರುಗಿದೆ. ತಮ್ಮ ಇಂಗಾಲದ ಲೆಕ್ಕ ಒಪ್ಪಿಸಬೇಕಾದ ವಿದೇಶಿ ಕಂಪನಿಗಳು ಪ್ರಮಾಣಪತ್ರವಿರುವ ಕಟ್ಟಡವನ್ನೇ ಕೇಳುತ್ತವೆ. ಹೀಗಾಗಿ 2019ರಲ್ಲಿ ಷೇರು ಮಾರುಕಟ್ಟೆಗೆ ಬಂದ ಬೆಂಗಳೂರಿನ ಎಂಬಸಿ ರೀಟ್‌ನಂಥ ಕಟ್ಟಡ ಒಡೆಯರಿಗೆ ಹಸಿರು ಫಲಕವೇ ಬಾಡಿಗೆದಾರನನ್ನು ತರುವ ಸಾಧನ. ಫಲಕ ತೂಗುಹಾಕಿದ ಕಟ್ಟಡವೆಲ್ಲ ನಿಜಕ್ಕೂ ಕರೆಂಟ್ ಉಳಿಸುತ್ತದೆ ಎಂದು ಯಾರೂ ಆಣೆ ಮಾಡಬೇಕಾಗಿಲ್ಲ. ಅದನ್ನು ಮೀಟರ್ ಹೇಳಬೇಕು.

ರಾಯಬಾಗದಲ್ಲಿ ರೀಟ್ ಇಲ್ಲ, ಬಾಂಡೂ ಇಲ್ಲ. ಇಲ್ಲಿನ ‘ಕನ್‌ಸ್ಟ್ರಕ್ಷನ್ ಕಂಪನಿ’ ಎಂದರೆ ಒಬ್ಬ ಗುತ್ತಿಗೆದಾರ, ಒಂದಿಬ್ಬರು ಮೇಸ್ತ್ರಿ, ಹತ್ತೆಂಟು ಗೌಂಡಿಗಳು, ಒಂದು ಮಿಕ್ಸರ್. ಮನೆ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಲೇಬರ್ ಗುತ್ತಿಗೆಯಲ್ಲಿ ಸಾಮಾನು ಮನೆಯವನದು, ದುಡಿತ ಗುತ್ತಿಗೆದಾರನದು. ಆಗ ಮಿಕ್ಸರಿನ ಬುಡದಲ್ಲಿ ಚೆಲ್ಲಿದ ಸಿಮೆಂಟು, ತುಂಡಾಗಿ ಬಿದ್ದ ಸರಳು, ಒಡೆದ ಇಟ್ಟಂಗಿ ಗುತ್ತಿಗೆದಾರನಿಗೆ ನೋಯುವುದಿಲ್ಲ. ಸಾಮಾನು ಸಮೇತ ಚದರಡಿ ಲೆಕ್ಕದ ಗುತ್ತಿಗೆಯಲ್ಲಿ ಇದು ತಿರುವುಮುರುವು. ಉಳಿದ ಪ್ರತಿ ಚೀಲವೂ ಗುತ್ತಿಗೆದಾರನ ಲಾಭ. ಇಲ್ಲೇ ಇರುವುದು ಸೂಕ್ಷ್ಮ. ಅಚ್ಚುಕಟ್ಟು ಕೆಲಸದಿಂದ ಉಳಿದ ಚೀಲ, ಕಳ್ಳಾಟದಿಂದ ಉಳಿಸಿದ ಚೀಲ, ಎರಡೂ ವಹಿಯಲ್ಲಿ ಒಂದೇ ಥರ ಕಾಣುತ್ತವೆ.

ಎರಡನ್ನೂ ಬೇರ್ಪಡಿಸುವುದು ಒಂದು ಸಣ್ಣ ಕಬ್ಬಿಣದ ಅಚ್ಚು. ಹದಿನೈದು ಸೆಂಟಿಮೀಟರಿನ ಘನಾಕಾರದ ಅಚ್ಚಿನಲ್ಲಿ ಅದೇ ಕಾಂಕ್ರೀಟ್ ತುಂಬಿ, ನೀರಿನಲ್ಲಿಟ್ಟು, 7ನೆಯ ದಿನಕ್ಕೂ 28ನೆಯ ದಿನಕ್ಕೂ ಯಂತ್ರದಲ್ಲಿ ಒತ್ತಿ ಒಡೆದು ನೋಡುತ್ತಾರೆ. ಸರ್ಕಾರಿ ಕಾಮಗಾರಿಯಲ್ಲಿ ಇದು ನಿಯಮ, ಹಳ್ಳಿಯ ಮನೆಗಳಲ್ಲಿ ಈ ಪರೀಕ್ಷೆಯ ಹೆಸರೇ ಕೇಳಿದವರು ಕಡಿಮೆ. ಅಲ್ಲಿ ಹದ ನೋಡುವುದು ಕಣ್ಣಳತೆಯಿಂದ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ.ಯ ಒಂದು ಚೀಲಕ್ಕೆ ಇಪ್ಪತ್ತೇಳೂವರೆ ಲೀಟರಿಗಿಂತ ಹೆಚ್ಚು ನೀರು ಹಾಕಬಾರದು. ಮಾಲು ಗಟ್ಟಿಯಿದ್ದರೆ ಸರಿಯಾಗಿ ಹರಡುವುದಿಲ್ಲವೆಂದು ಗೌಂಡಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾನೆ. ಬಲ ಕುಗ್ಗುತ್ತದೆ. ಬಲ ಕುಗ್ಗುವ ಹೆದರಿಕೆಗೆ ಇನ್ನೊಂದು ಚೀಲ ಸಿಮೆಂಟ್ ಸುರಿಯುತ್ತಾರೆ. ಒಂದು ಬಕೆಟ್ ನೀರನ್ನು ಸರಿದೂಗಿಸಲು ಯಾದವಾಡದ ಗೂಡು ಮತ್ತಷ್ಟು ಕಲ್ಲು ಸುಡುತ್ತದೆ. ಇಡೀ ತಾಲ್ಲೂಕಿನಲ್ಲಿ ಹಸಿರು ಕಟ್ಟಡದ ಹೆಸರಿನಲ್ಲಿ ಒಂದೇ ಒಂದು ಕೆಲಸ ಮಾಡಬೇಕೆಂದರೆ ಮಿಕ್ಸರಿನ ಪಕ್ಕ ಅಳತೆಯ ಡಬ್ಬಿ ಇಡುವುದೇ ಸಾಕು, ಸೋಲಾರ್ ಫಲಕ ಆಮೇಲೆ.

ಸರ್ಕಾರಿ ಕಾಮಗಾರಿಗೆ ಬೇರೆ ಗಂಟಿದೆ. ಕೆಟಿಪಿಪಿ ಎಂದು ಎಲ್ಲರೂ ಕರೆಯುವ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ನಡೆಯುತ್ತದೆ. ಕಾಮಗಾರಿ ಸಾಮಾನ್ಯವಾಗಿ ಅರ್ಹರಲ್ಲಿ ಕಡಿಮೆ ದರ ಹಾಕಿದವನಿಗೆ. ಮಾಮೂಲಿಗೆ ದಾರಿ ತಪ್ಪಿಸುವವರನ್ನು ತಡೆಯಲು ಇದು ಬೇಕಾದ ಕಟ್ಟುಪಾಡೇ. ಆದರೆ ಮೂವತ್ತು ವರ್ಷ ಬಾಳುವ ಚರಂಡಿಯೂ ಎಂಟು ವರ್ಷಕ್ಕೆ ಬಿರಿಯುವ ಚರಂಡಿಯೂ ಟೆಂಡರ್ ತೆರೆಯುವ ದಿನ ಒಂದೇ ತಕ್ಕಡಿಯಲ್ಲಿ ಕೂಡುತ್ತವೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಕಾಮಗಾರಿಗಳಲ್ಲೂ ಗುಣಮಟ್ಟಕ್ಕೆ ಶೇ 30ರವರೆಗೆ ಅಂಕ ಕೊಡಬಹುದೆಂದು ದಾರಿ ತೆರೆಯಿತು. ಅದು ವಿಶೇಷವಾಗಿ ಘೋಷಿಸಿದ ಕಾಮಗಾರಿಗಳಿಗೆ ಮಾತ್ರ, ಊರ ಚರಂಡಿಗೆ ಅಲ್ಲ.

ಮಾರುಕಟ್ಟೆ ತಾನಾಗಿ ಮಾಡದ್ದನ್ನು ಕೆಲವೊಮ್ಮೆ ಕೋರ್ಟು ಮಾಡಿಸಿದ್ದುಂಟು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದಿತು. ಹೊಳೆಯ ಉಸುಕು ತುಟ್ಟಿಯಾಯಿತು, ಸಿಗುವುದೇ ಕಷ್ಟವಾಯಿತು. ಈ ಸೀಮೆಯ ನೆಲದಡಿ ಇರುವುದು ದಖ್ಖನ್ನಿನ ಕರಿಕಲ್ಲು. ಖಡಿ ಒಡೆಯುತ್ತಿದ್ದ ಕ್ರಷರುಗಳೇ ಎಂ–ಸ್ಯಾಂಡ್ ಮಾಡತೊಡಗಿದವು. ‘ಕಲ್ಲಿನ ಪುಡಿ’ ಎಂದು ಮೂಗು ಮುರಿಯುತ್ತಿದ್ದ ಗೌಂಡಿಗಳೂ ಈಗ ಅದರಲ್ಲೇ ಸ್ಲ್ಯಾಬ್ ಹಾಕುತ್ತಾರೆ. ಕೃಷ್ಣೆಯ ಒಡಲು ಒಂದಿಷ್ಟು ಉಳಿಯಿತು, ಗುಡ್ಡ ಒಂದಿಷ್ಟು ಕರಗಿತು. ಉಪಕಾರವೇ ಸರಿ, ಪುಕ್ಕಟೆಯದಲ್ಲ.

ಇಟ್ಟಂಗಿಯ ಕಥೆ ಅಷ್ಟು ಮುಂದೆ ಹೋಗಿಲ್ಲ. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯಂತೆ ಕಲ್ಲಿದ್ದಲು ಸ್ಥಾವರದ 300 ಕಿಲೋಮೀಟರ್ ಸುತ್ತ ಕಟ್ಟಡ ಕಟ್ಟುವ ಸಂಸ್ಥೆಗಳು, ಬೆಲೆ ಹೆಚ್ಚಲ್ಲದಿದ್ದರೆ, ಬೂದಿ ಇಟ್ಟಂಗಿಯಂಥ ವಸ್ತುಗಳನ್ನೇ ಬಳಸಬೇಕು. ಕೂಡಗಿಯಿಂದ ಅಳೆದರೆ ರಾಯಬಾಗ ಆ ವೃತ್ತದೊಳಗೇ ಇದೆ. ಆದರೂ ಹೊಲದ ಮೇಲ್ಮಣ್ಣು ಭಟ್ಟಿ ಸೇರುವುದು ನಿಂತಿಲ್ಲ. ಮಣ್ಣು ಮಾರಿದ ರೈತನಿಗೆ ಆ ವರ್ಷ ದುಡ್ಡು ಸಿಗುತ್ತದೆ, ಇಳುವರಿಯ ಕೊರತೆ ಮುಂದಿನ ವರ್ಷಗಳಲ್ಲಿ ಕಾಣುತ್ತದೆ. ಇದೇ ಸೀಮೆಯಲ್ಲಿ ಇನ್ನೊಂದು ಬೂದಿಯೂ ರಾಶಿ ಬೀಳುತ್ತದೆ. ಉಗಾರ, ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಉಗಿ, ವಿದ್ಯುತ್ತು ಮಾಡುತ್ತವೆ. ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೇರಳ. ಹದವಾಗಿ ಸುಟ್ಟು ನುಣ್ಣಗೆ ಅರೆದರೆ ಹಾರುಬೂದಿಯ ಕೆಲಸವನ್ನೇ ಮಾಡುತ್ತದೆಂದು ಪ್ರಯೋಗಾಲಯಗಳು ತೋರಿಸಿವೆ. ಆದರೆ ಹಂಗಾಮಿನ ನಾಲ್ಕೈದು ತಿಂಗಳಷ್ಟೇ ಸಿಗುವ, ಒಂದೊಂದು ಬಾಯ್ಲರಿಗೆ ಒಂದೊಂದು ಥರವಾಗುವ, ಅರೆಬೆಂದ ಕರಿ ಉಳಿದ ಬೂದಿಯನ್ನು ಯಾವ ಸಿಮೆಂಟ್ ಕಾರ್ಖಾನೆ ನಂಬಿ ಕೊಳ್ಳುತ್ತದೆ? ಅದನ್ನು ಜರಡಿ ಹಿಡಿದು ಅರೆಯುವ ಖರ್ಚನ್ನು ಯಾರೂ ತಮ್ಮದೆಂದುಕೊಂಡಿಲ್ಲ.

ಮಣ್ಣಿನ ಮನೆಯ ವಿಷಯ ಬಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೆನೆಯಬೇಕು. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಂಗಿಯನ್ನು ಬಳಕೆಗೆ ತಂದರು. ಇಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಾಂಕ್ರೀಟ್ ಕಾಲಂಗಳ ಬಹುಮಹಡಿ ಕಟ್ಟಡ ಒಂದು ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ನುಂಗಿತ್ತು. ಗೋಡೆಯೇ ಭಾರ ಹೊರುವ ಸುಟ್ಟ ಇಟ್ಟಂಗಿಯ ಕಟ್ಟಡ 2.92, ಒತ್ತಿದ ಮಣ್ಣಿಟ್ಟಂಗಿಯದು 1.61. ಬೆಂಗಳೂರು ಸುತ್ತ ಇಂಥ ಮನೆಗಳು ಸಾಕಷ್ಟು ಎದ್ದಿವೆ.

ಕೃಷ್ಣೆಯ ದಂಡೆಯವರಿಗೆ ಮಾತ್ರ ಇದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ. ಒಂದು, ಇಲ್ಲಿಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗರಸು, ಉಸುಕು, ಸುಣ್ಣ ಬೆರೆಸದೆ ಅದರಿಂದ ಇಟ್ಟಂಗಿ ಮಾಡಲು ಬರುವುದಿಲ್ಲ. ಇನ್ನೊಂದು, 2019ರ ಆಗಸ್ಟಿನ ನೆನಪು. ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಊರೂರೇ ನೀರಲ್ಲಿ ನಿಂತವು. ದಿನಗಟ್ಟಲೆ ನೆನೆದ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಪಾಯ, ಗೋಡೆ, ಚಾವಣಿ ಎಂದು ಹಂತ ನೋಡಿ ಕಂತು ಬಿಡುಗಡೆ. ಮುಂದಿನ ಕಂತಿಗೆ ಬೇಗ ಗೋಡೆ ಎದ್ದು ಕಾಣಬೇಕಾದವರಿಗೆ ಹೊಸ ಪ್ರಯೋಗದ ಪುರುಸೊತ್ತು ಎಲ್ಲಿಯದು? ಎರಡೇ ಕೋಣೆಯ ಮನೆಗೂ ಕಾಲಂ ಎತ್ತಿದರು. ಹೊಳೆಯಂಚಿನಲ್ಲಿ ಅದು ತಪ್ಪೂ ಅಲ್ಲ. ಗೋಡೆ ಹೋದರೂ ಚಾವಣಿ ನಿಂತಿರುತ್ತದೆ. ಆದರೆ ನೀರು ಎಂದೂ ಮುಟ್ಟದ ಎತ್ತರದ ಊರುಗಳಲ್ಲೂ ಒಂದೇ ಅಂತಸ್ತಿಗೆ ಕಾಲಂ ಎತ್ತುವುದು ಈಗ ಪ್ರತಿಷ್ಠೆಯ ಮಾತಾಗಿದೆ. ಅಲ್ಲಿ ಸುಮ್ಮನೆ ಹೂತದ್ದು ಸರಳು ಮತ್ತು ಸಿಮೆಂಟು.

ಹಳೆಯ ಮನೆ ಕೆಡವುವಾಗ ಇದೇ ಊರುಗಳು ಬೇರೆ ಬುದ್ಧಿ ತೋರಿಸುತ್ತವೆ. ವಾಡೆಯೊಂದು ಇಳಿಯುತ್ತದೆಂದು ಗೊತ್ತಾದರೆ ಸಾಗವಾನಿಯ ತೊಲೆ, ಕಂಬ, ಚೌಕಟ್ಟು, ಕಲ್ಲು, ಹಂಚು ಎಲ್ಲಕ್ಕೂ ಗಿರಾಕಿ ಬರುತ್ತಾನೆ. ಬಿಚ್ಚಿಕೊಂಡು ಹೋಗುವ ಕೂಲಿ ಅವನದೇ, ಮೇಲೆ ಮನೆಯವನಿಗೆ ದುಡ್ಡು. ಕಟ್ಟಡ ತ್ಯಾಜ್ಯದ ಬಗ್ಗೆ ಕೇಂದ್ರ 2025ರಲ್ಲಿ ಹೊರಡಿಸಿದ ಹೊಸ ನಿಯಮಗಳು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆ ಹೊರಿಸುತ್ತವೆ. ರಾಯಬಾಗದಲ್ಲಿ ಅಷ್ಟು ದೊಡ್ಡ ಕೆಲಸ ಅಪರೂಪ. ಇಲ್ಲಿ ಈಗ ಕೆಡವುತ್ತಿರುವುದರಲ್ಲಿ ನಲವತ್ತು ವರ್ಷದ ಹಿಂದಿನ ಸ್ಲ್ಯಾಬುಗಳೂ ಸೇರಿವೆ. ಅವುಗಳ ಸರಳು ಗುಜರಿಗೆ ಹೋಗುತ್ತದೆ, ಕಾಂಕ್ರೀಟಿನ ತುಂಡು ಹಳ್ಳದ ದಂಡೆಗೆ. ಒಡೆದ ಕಾಂಕ್ರೀಟನ್ನು ಖಡಿಯಾಗಿ ಎಂ25ರವರೆಗಿನ ಸರಳಿನ ಕಾಂಕ್ರೀಟಿನಲ್ಲಿ ಶೇ 20ರಷ್ಟು, ಪಾಯದ ಕೆಳಗಿನ ಬಡಕಲು ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಲು ಐಎಸ್ 383 ಮಾನಕ 2016ರಲ್ಲೇ ಒಪ್ಪಿದೆ. ಆದರೆ ಹತ್ತಿರದ ಕ್ರಷರಿನಲ್ಲಿ ಹೊಸ ಕರಿಕಲ್ಲಿನ ಖಡಿ ಸುಲಭಕ್ಕೆ ಸಿಗುವಾಗ, ಹಳೆಯ ಸ್ಲ್ಯಾಬ್ ಒಡೆದು ಹೇರಿಕೊಂಡು ಬರುವ ಟ್ರ್ಯಾಕ್ಟರಿನ ಬಾಡಿಗೆಯೇ ಅದಕ್ಕಿಂತ ಹೆಚ್ಚಾಗುತ್ತದೆ.